ಯಶೋಧಳ ಮಡಿಲಕ್ಕಿ

ತೊಂಬತ್ತನಾಲ್ಕರಲ್ಲಿ ನಮ್ಮಣ್ಣ ಸಣ್ಣಯ್ಯನ ಮಗಳು ಯಶೋಧ ಸಂತೆಬಾಚಹಳ್ಳಿಯ ಗಂಡನ ಮನೆಯಿಂದ ಒಬ್ಬಳೇ ತವರಿಗೆ, ನಮ್ಮ ಕಿರಂಗೂರಿಗೆ ಬಂದಳು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದಳು. ಸಂಜೆ ನೀರು ಹುಯ್ಯಲು ಹೋದಾಗ ಅವಳ ಬೆನ್ನು ನೋಡಿದೆ. ಜಾರಿ ಬಿದ್ದವಳ ಬೆನ್ನ ಮೇಲೆ ಬೆಲ್ಟಿನ ಬರೆ ಏಳುವುದಿಲ್ಲ.

"ಅವ್ನೇನವ್ವ ಒಡ್ದಿದ್ದು?" ಎಂದೆ.

"ಅಪ್ಪಂಗೆ ಯೋಳ್ಬೇಡ ಅತ್ತೆ. ನನ್ನೇ ಬಯ್ತದೆ."

ಬರೆ ನೋಡಿದ ತಾಯಿ ಪುಟ್ಟಲಕ್ಷ್ಮಮ್ಮ ಸುಮ್ಮನಿರಲಾರದೆ ಗಂಡನಿಗೆ ಹೇಳಿದಳು. ಅಣ್ಣ ಮಗಳನ್ನೇ ಬಯ್ದ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದ. ಮಲಗಿದ ಮೇಲೆ ಏನಾಗುತ್ತದೆಂದು ಆ ಗಾದೆ ಕಟ್ಟಿದವನು ಯಾವ ಹೆಂಗಸನ್ನೂ ಕೇಳಿರಲಿಕ್ಕಿಲ್ಲ.

ಭಾನುವಾರ ಅಳಿಯ ಸಿದ್ದೇಶ ತಮ್ಮೂರ ಹಿರಿಯ ನರಸಯ್ಯನನ್ನು ಮುಂದಿಟ್ಟುಕೊಂಡು ಕಾರಿನಲ್ಲಿ ಬಂದ. ಮುದ್ದೆ, ಕೋಳಿ ಸಾರು ಆಯಿತು. ನ್ಯಾಯವೂ ಎಲೆ ಮುಂದೆಯೇ ಮುಗಿಯಿತು. ಯಶೋಧಳನ್ನು ಯಾರೂ ಏನೂ ಕೇಳಲಿಲ್ಲ.

"ಮಡ್ಲಕ್ಕಿ ತುಂಬಿ, ಕಳ್ಸಾದೆ" ಎಂದ ಅಣ್ಣ.

ಸೆರಗಿಗೆ ಅಕ್ಕಿ, ಬೆಲ್ಲ, ಕಾಯಿ ತುಂಬದೆ ಮಗಳನ್ನು ತವರಿಂದ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ತುಂಬುವವಳು ಮುತ್ತೈದೆಯಾಗಿರಬೇಕು. ನಾನು ಗಂಡ ಸತ್ತವಳು, ಲೆಕ್ಕಕ್ಕಿಲ್ಲ. ಲೆಕ್ಕಕ್ಕಿಲ್ಲದವಳು ಎಲ್ಲಿ ಓಡಾಡುತ್ತಾಳೆಂದು ಗಂಡಸರು ನೋಡುವುದೂ ಇಲ್ಲ. ಅವರು ಉಣ್ಣುತ್ತಿದ್ದಾಗ ಹಿತ್ತಲ ಬಾಗಿಲಿಂದ ಬೀದಿಯ ಮನೆಮನೆಗೂ ಹೋಗಿ ಮಾತಾಡಿಕೊಂಡು ಬಂದಿದ್ದೆ.

"ಈಗ್ತಾನೆ ಒರಗಾದೆ" ಎಂದು ಪುಟ್ಟಲಕ್ಷ್ಮಮ್ಮ ಒಲೆ ಬಿಟ್ಟು ಹಿತ್ತಲಿಗೆ ನಡೆದಳು. ಮುಟ್ಟಾದವಳು ಮಡಿಲು ತುಂಬುವಂತಿಲ್ಲ. ಅಣ್ಣ ಪಕ್ಕದ ಮನೆಗೆ ಹೋದ. ಬೈರಮ್ಮನೂ ಮುಟ್ಟಾಗಿದ್ದಳು. ಎದುರುಮನೆಯವಳೂ. ಮೊಮ್ಮಕ್ಕಳ ಮದುವೆ ನೋಡಿದ ಚಿಕ್ಕಬೋರಮ್ಮ ಗಂಡನ ಪಕ್ಕದಲ್ಲೇ ಜಗಲಿ ಮೇಲೆ ಕೂತು, "ನಾನೂ ಒರಗಾಗಿವ್ನಿ ಕಣ್ಲಾ ಸಣ್ಣಯ್ಯ" ಎಂದಳು. ಇದನ್ನು ಯಾವ ಗಂಡಸು ಬಿಡಿಸಿ ಕೇಳಿಯಾನು?

ಅಣ್ಣ ರೇಗಿ ತಾನೇ ಅಕ್ಕಿಯ ಮೊರ ಎತ್ತಿಕೊಂಡು ಬಂದ. ಯಶೋಧ ಸೆರಗು ಒಡ್ಡಲಿಲ್ಲ.

"ನಾನು ಓಗಕಿಲ್ಲ ಅಪ್ಪ" ಎಂದಳು.

ಕಾರು ಬಂದವರನ್ನಷ್ಟೇ ಕೂರಿಸಿಕೊಂಡು ಹೋಯಿತು. ಮಗಳನ್ನು ಹೊಡೆದವನ ಮೇಲೆ ಬಾರದ ಸಿಟ್ಟು ಅಣ್ಣನಿಗೆ ಬೀದಿಯ ಹೆಂಗಸರ ಮೇಲೆ ಬಂತು.

ಆಮೇಲೆ ಪಂಚಾಯ್ತಿ ಮಾಡಿ ಸಂಬಂಧ ಬಿಡಿಸಿದರು. ಮರುವರ್ಷ ನಾಗಮಂಗಲದ ಕಡೆಯವರು ಸಿದ್ದೇಶನಿಗೆ ಹೆಣ್ಣು ಕೊಡುವ ಮುಂಚೆ ನಮ್ಮಲ್ಲಿಗೆ ವಿಚಾರಿಸಲು ಬಂದರು. ತಾನು ಹುಡುಕಿದ ಗಂಡು ಕೆಟ್ಟವನೆಂದು ಹೇಳಲು ಅಣ್ಣನಿಗೆ ನಾಲಿಗೆ ಏಳಲಿಲ್ಲ. "ಉಡುಗ ಚಿನ್ನದಂಥವ್ನು. ನಮ್ ಉಡುಗೀದೆ ಅಟ" ಎಂದ.

ಯಶೋಧ ಒಳಗಿಂದ ಕೇಳಿಸಿಕೊಂಡಳು. ಮಾರನೆಯ ದಿನ ನನ್ನನ್ನು ಹೊರಡಿಸಿಕೊಂಡು ಬಸ್ಸು ಹತ್ತಿ ಆ ಹುಡುಗಿಯ ಮನೆಗೆ ಹೋದಳು. ಒಂದೂ ಮುಚ್ಚಿಡದೆ ಹೇಳಿದಳು. ಹುಡುಗಿಯ ತಾಯಿ ಎಲ್ಲ ಕೇಳಿ ಕಾಫಿ ಲೋಟ ಮುಂದಿಟ್ಟಳು.

"ನಿನ್ನ ಎತ್ತ ಅಪ್ಪನೇ ಒಳ್ಳೆ ಉಡುಗ ಅಂದವ್ರೆ. ನಿನ್ ಮಾತ ಎಂಗವ್ವ ನಂಬಾದು?"

ಯಶೋಧ ಕಾಫಿ ಮುಟ್ಟದೆ ಎದ್ದಳು. ನಾನೂ ಅವಳ ಹಿಂದೆಯೇ ಹೊರಬಿದ್ದೆ.

ವೈಶಾಖದಲ್ಲಿ ಮದುವೆ ಮಾಡಿದರು. ಒಳ್ಳೆಯ ಮಾತು ಹೇಳಿದ್ದಕ್ಕೆ ಅಣ್ಣನಿಗೂ ಲಗ್ನಪತ್ರಿಕೆ ಕೊಟ್ಟಿದ್ದರು. ಹೋಗಿ ಉಂಡು ಬಂದ.