ಆರೋ ಒಂಬತ್ತೋ

“ಆಂಟಿ, ಇದು ಆರಾ, ಒನ್ಬದಾ?”

ಶಿಲ್ಪಶ್ರೀ ತಮಿಳು ಬೆರೆಸಿ ಕೇಳುತ್ತ ಹಳೆಯ ಬೀಜದ ಪೊಟ್ಟಣವನ್ನು ಮೂಗಿನ ಮುಂದೆ ಹಿಡಿದಳು. ಚೆನ್ನೈಯಲ್ಲೇ ಹುಟ್ಟಿ ಬೆಳೆದ ಹುಡುಗಿಗೆ ಮನೆಮಾತು ಕನ್ನಡವಾದರೂ ಕನ್ನಡದ ಅಂಕಿ ಬಾರದು. ಅದಕ್ಕೇ, ತಾನೀಗ ಕೆಲಸ ಮಾಡುವ ಅಡ್ಯಾರಿನ ಲ್ಯಾಬಿನಿಂದಲೇ ನಿವೃತ್ತಳಾಗಿ ಹತ್ತು ವರ್ಷವಾದ ಗಿರಿಜಾದೇವಿಯನ್ನು ಕೋಡಂಬಾಕ್ಕಂನಿಂದ ಕರೆಸಿದ್ದಳು.

ಒಳಗೆ ಕಾಲಿಟ್ಟದ್ದೇ ತಡ, ಗಿರಿಜಾದೇವಿಗೆ ಆ ದಿನಗಳೆಲ್ಲ ಮುತ್ತಿಕೊಂಡವು. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರು ಸುಡುತ್ತದೆ. ಅದನ್ನು ತಾಳಬಲ್ಲ ಮೇವಿನ ಹುಲ್ಲು ಯಾವುದೆಂದು ಹುಡುಕುವುದೇ ಆಗ ಅವಳ ಮತ್ತು ಅವಳ ಹಿರಿಯ ವಿಜ್ಞಾನಿ ರುದ್ರಮುನಿ ಸಾರ್ ಅವರ ಕೆಲಸ. ಅಲ್ಯೂಮಿನಿಯಂ ಬೆರೆಸಿದ ನೀರಿನಲ್ಲಿ ಸಸಿ ಬೆಳೆಸಿ ಬಣ್ಣದಲ್ಲಿ ಅದ್ದಿದರೆ, ಪೆಟ್ಟು ತಿಂದ ಗಿಡ್ಡ ಬೇರು ನೇರಳೆಯಾಗುತ್ತದೆ, ಉದ್ದಕ್ಕೆ ಬೆಳೆದ ಗಟ್ಟಿ ಬೇರು ಬೆಳ್ಳಗೇ ಉಳಿಯುತ್ತದೆ. ನಾಲ್ಕು ಗಂಟೆಗೆ ಕಾಫಿ, ಜೊತೆಗೆ ಧಾರವಾಡದ ಹರಟೆ. “ಮದ್ರಾಸಿಗೆ ಬಂದೀವಿ ಅಂತ ಅಂಕಿನೂ ಬಿಡಬೇಕೇನವಾ?” ಎಂದು ಹಟ ಹಿಡಿದು ಸಾರ್ ಬೀಜದ ಪೊಟ್ಟಣದ ಮೇಲೆ ಹುಲ್ಲಿನ ಸಂಖ್ಯೆ, ಇಸವಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದರು. ಅಕ್ಷರವೋ, ಆ ದೇವರಿಗೇ ಪ್ರೀತಿ!

ಒಂಬತ್ತನೆಯ ಹುಲ್ಲಿನ ಬೇರು ಮೊದಲ ಸಲ ಬೆಳ್ಳಗೆ ಬಂದಾಗ ಅವರು ಲ್ಯಾಬಿಗೆಲ್ಲ ಪೇಡೆ ಹಂಚಿದ್ದರು. ಎರಡನೆಯ ಸಲ ಬಿತ್ತಿದವಳು ಗಿರಿಜಾ. ಬೇರುಗಳೆಲ್ಲ ನೇರಳೆ. ಮೇಲಿನವರು ನಕ್ಕರು. ಸಾರ್ ಆ ಹುಲ್ಲಿನ ಮಾತನ್ನೇ ಬಿಟ್ಟರು.

ಈಗ ಶಿಲ್ಪಶ್ರೀ ಶೀತಲ ಪೆಟ್ಟಿಗೆಯಿಂದ ತೆಗೆದು ಬಿತ್ತಿದ ಹಳೆಯ ಬೀಜಗಳಲ್ಲಿ ಈ ಪೊಟ್ಟಣದ ಸಸಿಗಳ ಬೇರು ಮಾತ್ರ ಬೆಳ್ಳಗಿತ್ತು. ಗಿರಿಜಾದೇವಿ ಕನ್ನಡಕ ಏರಿಸಿದಳು. ಅಂಕಿಯ ಕೆಳಗೇ ಇಸವಿ: ೧೯೯೮. ಇಸವಿಯ ಒಂಬತ್ತಕ್ಕೂ ಮೇಲಿನ ಅಂಕಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಂದರೆ ಇದೇ ಒಂಬತ್ತು. ಪಕ್ಕದ ಆರನೆಯ ಪೊಟ್ಟಣ ತಿರುಗಿಸಿದರೆ ಅವಳದೇ ಕೈಬರಹ: ‘ಎರಡನೇ ಸಲ ಬಿತ್ತಿದ್ದು’.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಎಂಬತ್ತೆರಡು ವರ್ಷದ ಸಾರ್ ಬೆಸೆಂಟ್ ನಗರದಲ್ಲಿ ಮಗಳ ಮನೆಯಲ್ಲಿದ್ದರು. ನಾಲ್ಕು ಸಸಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಆಟೋ ಹತ್ತಿದಳು.

“ಸಾರ್, ಅವತ್ತ ತಪ್ಪಿದ್ದು ಹುಲ್ಲಲ್ಲ, ನಾನು. ಒಂಬತ್ತರ ಬದಲಿ ಆರು ಬಿತ್ತಿದ್ದೆ,” ಎಂದು ಬಾಗಿಲಲ್ಲೇ ಅತ್ತುಬಿಟ್ಟಳು.

ರುದ್ರಮುನಿ ಸಸಿ ಇಸಿದುಕೊಂಡು, ಮೊಮ್ಮಗಳ ಸ್ಕೇಲು ಹುಡುಕಿ ತಂದು, ಒಂದೊಂದೇ ಬೇರು ಅಳೆದರು. ನಾಲ್ಕನೆಯದು ಮುಗಿಯುವಷ್ಟರಲ್ಲಿ ಅವರ ಕಣ್ಣೂ ತುಂಬಿತ್ತು.

“ಇಷ್ಟ ವರ್ಷ ಈ ಹುಲ್ಲಿಗೆ ಮನಸಿನ್ಯಾಗ ಸುಳ್ಳಬುರುಕ ಅಂತ ಬೈದೆನಲ್ಲವಾ,” ಎಂದರು. “ಪಾಪ.”