ಹಂಡೆ ಎಲ್ಲಿದೆ?

ಹಿತ್ತಲಿನ ಹಂಡೆಯಲ್ಲಿ ಹಳೆ ಬಟ್ಟೆ ಕುದಿಯುತ್ತಿತ್ತು. ದೊಡ್ಡಕ್ಕ ಕೋಲಿನಿಂದ ತಿರುವುತ್ತ, ಬಟ್ಟೆ ತೊಳೆಯುವ ಹೆಂಗಸರನ್ನು ಗದರುತ್ತ ನಿಂತಿದ್ದಳು. "ಜಿಪ್ಪು, ಗುಂಡಿ ಎಲ್ಲ ಕಿತ್ತಿದೀರೇನ್ರೇ? ಹೋದ ಸಲ ಒಂದು ಗುಂಡಿ ಉಳ್ಕೊಂಡು ಗಿರಾಕಿ ಬೆನ್ನಿಗೆ ಒತ್ತಿ, ಅವನು ಬಂದು ನನ್ನ ಜನ್ಮ ಜಾಲಾಡಿಬಿಟ್ಟ." ಹೆಂಗಸರು ಕಿಸಕ್ಕನೆ ನಕ್ಕರು.

ಆ ಸಣ್ಣ ಕಾರ್ಖಾನೆಯಲ್ಲಿ ಹಾಸಿಗೆ ಮಾಡಿಸುವುದು ದೊಡ್ಡಕ್ಕನ ಪಾಲು, ಮಾರುವುದು ಅವಳ ತಮ್ಮನ ಪಾಲು. ದರ್ಜಿ ಅಂಗಡಿಗಳ ಚೂರು, ಮನೆಮನೆಯ ಹಳೆ ಬಟ್ಟೆ ತಂದು, ಕುದಿಸಿ, ಒಣಗಿಸಿ, ಯಂತ್ರದಲ್ಲಿ ಹಿಂಜಿ ಹಾಸಿಗೆಗೆ ತುಂಬುತ್ತಿದ್ದರು. ಹಿಂಜಿದ್ದಕ್ಕೆ ಹತ್ತೆಂಟು ಬಣ್ಣ. ಅದಕ್ಕೇ ಮೇಲೆ ಕೆಳಗೆ ಬಿಳಿ ಹೊಸ ಹತ್ತಿಯ ತೆಳು ಪದರ ಹಾಸಿ ಹೊಲಿಯುತ್ತಿದ್ದರು. ಯಾರಾದರೂ ಹೊಲಿಗೆ ಬಿಚ್ಚಿ ಇಣುಕಿದರೆ ಬೆಳ್ಳಗೆ ಕಾಣಬೇಕು. ಈ ಉಪಾಯ ದೊಡ್ಡಕ್ಕನದೇ. ಬಾಯಿಬಿಟ್ಟು ಸುಳ್ಳು ಹೇಳಿಲ್ಲವಲ್ಲ ಎಂದುಕೊಂಡು ಇಷ್ಟು ವರ್ಷ ಹಾಯಾಗಿದ್ದಳು.

ಈಗ ಹೊಸ ಕಾನೂನು ಬಂದಿತ್ತು. ಮುಂದಿನ ತಿಂಗಳಿಂದ ಪ್ರತಿ ಹಾಸಿಗೆಯ ಮೇಲೂ ಒಳಗೇನಿದೆ, ಎಲ್ಲಿಂದ ಬಂತು, ಹೇಗೆ ತಯಾರಾಯಿತು ಎಂಬ ಲೇಬಲ್ ಇರಲೇಬೇಕು. ಸುದ್ದಿ ಕೇಳಿದ ದಿನ ದೊಡ್ಡಕ್ಕ ಉರಿದುಬಿದ್ದಿದ್ದಳು. "ನನ್ನ ಹಾಸಿಗೆ ಹೊಟ್ಟೇಲಿ ಏನಿದೆ ಅಂತ ಕೇಳೋಕೆ ಇವರ್ಯಾರು?"

ತಮ್ಮ ಉತ್ಸಾಹದಿಂದ ಹಿತ್ತಲಿಗೆ ಬಂದ. ಕೈಯಲ್ಲಿ ಅಚ್ಚಿನವನು ಕೊಟ್ಟ ಮಾದರಿ ಲೇಬಲ್. "ನೋಡಕ್ಕ, ನೀನು ಒಪ್ಪಿದ್ರೆ ಸಾವಿರ ಹೊಡೆಸ್ತೀನಿ. ಇವತ್ತು ಹಾಸ್ಟೆಲ್‌ನವರು ಬರ್ತಾರೆ, ಅವರಿಗೂ ತೋರಿಸ್ಬೇಕು."

'ಹೊಚ್ಚ ಹೊಸ ಹತ್ತಿ. ಹೊಲದಿಂದ ನೇರ ನಿಮ್ಮ ಹಾಸಿಗೆಗೆ.' ದೊಡ್ಡಕ್ಕ ಎರಡು ಸಲ ಓದಿದಳು.

"ಇದರಲ್ಲಿ ಹಂಡೆ ಎಲ್ಲೋ?"

"ಯಾವ ಹಂಡೆ?"

"ಕಣ್ಣೆದುರಿಗೇ ಕುದೀತಿದೆಯಲ್ಲ, ಆ ಹಂಡೆ! ಈ ಹೆಂಗಸರು ಎಲ್ಲಿ? ಬಿಸಿ ನೀರಲ್ಲಿ ಇವರ ಕೈ ಸುಲಿದುಹೋಗಿದೆ. ನೀನು ಬರೆಸಿರೋ ಪ್ರಕಾರ ಹತ್ತಿ ಹೊಲದಿಂದ ಹಾರಿ ಬಂದು ತಾನೇ ಒಳಗೆ ಕೂತ್ಕೊಂಡಿದೆ. ನಾವು ಇಲ್ಲವೇ ಇಲ್ಲ!"

ತಮ್ಮನಿಗೂ ರೇಗಿತು. "ಜನಕ್ಕೆ ಬೇಕಾಗಿರೋದು ನಿದ್ದೆ ಅಕ್ಕ. ಯಾರೋ ಉಟ್ಟು ಬಿಟ್ಟಿದ್ದರ ಮೇಲೆ ಮಲಗಿದೀನಿ ಅಂದ್ರೆ ನಿದ್ದೆ ಹತ್ತುತ್ತಾ? ಬೇರೆಯವರೆಲ್ಲ ಹೀಗೇ ಬರೆಸ್ತಿದ್ದಾರೆ. ಹಾಸ್ಟೆಲ್ ಆರ್ಡರ್ ತಪ್ಪಿದ್ರೆ ಮೊದಲು ಮನೆಗೆ ಕಳಿಸಬೇಕಾಗೋದು ಈ ಹೆಂಗಸರನ್ನೇ. ನಿನ್ನ ನಿಜ ಇವರ ಹೊಟ್ಟೆ ತುಂಬಿಸುತ್ತಾ?"

ದೊಡ್ಡಕ್ಕ ಹೆಂಗಸರ ಕಡೆ ನೋಡಿದಳು. ಅವನು ಹೇಳಿದ್ದೂ ಸುಳ್ಳಲ್ಲ. ಆಗ ತೊಳೆಯುವವರಲ್ಲಿ ಹಿರಿಯಳು ಬಟ್ಟೆ ಹಿಂಡುತ್ತಲೇ ಅಂದಳು, "ನಮ್ಮ ಹೊಟ್ಟೆ ಹೆಸರು ಹೇಳಿ ಸುಳ್ಳು ಬರೆಸ್ಬೇಡಿ ಅಣ್ಣ. ಬೇಕಾದ್ರೆ ನಿಮ್ಮ ಹೊಟ್ಟೆ ಹೆಸರು ಹೇಳ್ಕೊಳ್ಳಿ."

ಅಷ್ಟರಲ್ಲಿ ಹಾಸ್ಟೆಲ್ ಮೇಲ್ವಿಚಾರಕಿ ಬಂದೇಬಿಟ್ಟರು. ಮುಂದಿನ ಕೋಣೆಯಲ್ಲಿ ಹಾಸಿಗೆ ಒತ್ತಿ ನೋಡಿ, ಕೂತು ನೋಡಿ, "ಒಳಗೆ ಹೊಸ ಹತ್ತಿ ತಾನೇ?" ಎಂದರು.

ತಮ್ಮ 'ಹೂಂ' ಅನ್ನಲು ಬಾಯಿ ತೆರೆದ. ದೊಡ್ಡಕ್ಕ ಕತ್ತರಿ ತೆಗೆದು ಹಾಸಿಗೆಯ ಅಂಚನ್ನು ಪರಪರನೆ ಬಿಚ್ಚಿದಳು. ಬಿಳಿ ಹತ್ತಿ ಕಂಡು ಮೇಲ್ವಿಚಾರಕಿ ತಲೆಯಾಡಿಸಿದರು. ದೊಡ್ಡಕ್ಕ ಅಲ್ಲಿಗೇ ನಿಲ್ಲಿಸಬಹುದಿತ್ತು. ಮೊಣಕೈವರೆಗೆ ಕೈ ತೂರಿಸಿ, ಕೆಂಪು, ನೀಲಿ, ಹಸಿರು ಎಲ್ಲ ಕಲೆತ ಒಂದು ಹಿಡಿ ಎಳೆದು ಅವರೆದುರು ಹಿಡಿದಳು.

"ಅಯ್ಯೋ, ಹಳೇ ಬಟ್ಟೆ!"

"ಹಳೇದೇ ಮೇಡಂ. ಕೊಳೆ ಅಲ್ಲ. ಬನ್ನಿ, ಹಂಡೆ ತೋರಿಸ್ತೀನಿ. ಮೇಲಿನ ಬಿಳಿ ಇದೆಯಲ್ಲ, ಅದು ನನ್ನ ಕಿತಾಪತಿ. ನಾಚಿಕೆ ಪಡೋದಾದ್ರೆ ಅದಕ್ಕೆ ಪಡ್ತೀನಿ, ಇದಕ್ಕಲ್ಲ."

"ನಮಗೆ ಹೊಸ ಹತ್ತೀದೇ ಬೇಕು ಅಂದ್ರೆ?"

"ಅದರ ಬೆಲೆಗೆ ಮಾಡಿಕೊಡ್ತೀನಿ. ಇದನ್ನ ಹೊಸದು ಅಂತ ಮಾತ್ರ ಕೊಡಲ್ಲ. ಆರ್ಡರ್ ಹೋದ್ರೂ ಸರಿ."

ಮೇಲ್ವಿಚಾರಕಿ ಹಿತ್ತಲೆಲ್ಲ ನೋಡಿದರು. ಒಣಗಿದ ಬಟ್ಟೆ ಮೂಸಿದರು. "ಮೇಲಿನವರನ್ನ ಕೇಳ್ಬೇಕು" ಎಂದಷ್ಟೇ ಹೇಳಿ ಹೊರಟರು. ಗೇಟಿನವರೆಗೆ ಬಂದ ತಮ್ಮನನ್ನು ಮಾತ್ರ ನೇರವಾಗಿ ಕೇಳಿದರು, "ನೀವು ಹೂಂ ಅನ್ನೋಕೆ ಹೊರಟಿದ್ರಿ, ಅಲ್ವಾ?" ಅವನು ಕೈಯಲ್ಲಿದ್ದ ಮಾದರಿ ಲೇಬಲನ್ನು ಮುದುರಿ ಜೇಬಿಗೆ ತುರುಕಿದ.

ಅವನು ಒಳಗೆ ಬಂದು ಕೂತ. ದೊಡ್ಡಕ್ಕ ಹೊಸ ಹಾಸಿಗೆಗೆ ಬಿಳಿ ಪದರವಿಲ್ಲದೆಯೇ ತುಂಬತೊಡಗಿದ್ದಳು. ಫೋನ್ ಬಂತು, ಲೇಬಲ್ ಅಚ್ಚಿನವನದು. ಅಕ್ಕ ತುಂಬುತ್ತಿದ್ದುದನ್ನೇ ನೋಡುತ್ತ ತಮ್ಮ ಫೋನ್ ಕಿವಿಗಿಟ್ಟ.

"ಅದನ್ನ ಹೊಡೀಬೇಡಿ. ಬೇರೆ ಬರ್ಕೊಳ್ಳಿ. 'ಹಳೆಯ ಬಟ್ಟೆ. ಕುದಿಯುವ ನೀರಿನಲ್ಲಿ ಕೈಯಾರೆ ತೊಳೆದದ್ದು, ಬಿಸಿಲಿನಲ್ಲಿ ಒಣಗಿಸಿದ್ದು, ಇಲ್ಲೇ ಹಿಂಜಿದ್ದು.' ಏನು? ಮೂಲೇಲಿ ಸಣ್ಣಕ್ಷರದಲ್ಲಾ?" ಅವನ ದನಿ ಏರಿತು. "ಯಾಕ್ರೀ, ನಾವೇನು ಕದ್ದು ತಂದಿದೀವಾ? ನಡೂ ಮಧ್ಯ ಹಾಕಿ. ಕನ್ನಡಕ ಇಲ್ಲದೋರಿಗೂ ಕಾಣಿಸ್ಬೇಕು."