ಹೊಗೆ ಕಾಣದ ಮನೆ

“ನಿಮ್ಮ ಮನೀ ಒಲಿ ಹತ್ತದ ದಿನ ನಮ್ಮ ಮನ್ಯಾಗೂ ಒಲಿ ಹತ್ತಾಂಗಿಲ್ಲ, ಇಮಾಮಸಾಬ. ದೇವರ ಮುಂದ ನಿಂತು ಹೇಳಾಕತ್ತೇನಿ.”

ಮಾವ ಯೋಹಾನಪ್ಪ ಈ ಮಾತು ಕೊಟ್ಟಾಗ ದೇವಮಣಿ ಇನ್ನೂ ಹುಟ್ಟಿರಲಿಲ್ಲ. ಆತ ಗೊಬ್ಬೂರಿಗೆ ಉಪದೇಶಿಯಾಗಿ ಬಂದ ಹೊಸದು. ಊರ ಹೊರಗಿನ ಕೇರಿಯಲ್ಲಿ ಹುಟ್ಟಿ, ಮೇಲೆ ಕ್ರಿಸ್ತನ ಹೆಸರು ಬೇರೆ ಹೇಳುವವನಿಗೆ ಯಾರು ಮನೆ ಕೊಟ್ಟಾರು? ಗೌಂಡಿ ಇಮಾಮಸಾಬನೊಬ್ಬ ಹಳ್ಳದ ದಂಡೆಯ ತನ್ನ ಅಂಗಳದಲ್ಲೇ ಗೋಡೆ ಎಬ್ಬಿಸಿ, ಮೇಲೆ ತಗಡು ಹೊದಿಸಿ, “ಇರ್ರಿ ಉಪದೇಶಿಗಳ. ನಿಮ್ಮ ದೇವ್ರು ನಿಮಗ, ನಮ್ಮ ದೇವ್ರು ನಮಗ, ಗ್ವಾಡಿ ಇಬ್ಬರಿಗೂ” ಎಂದ. ಆ ಉಪಕಾರಕ್ಕೆ ಕೊಟ್ಟ ಮಾತು ಅದು. ಕೇಳಿದ ಇಮಾಮಸಾಬ ಹೊಟ್ಟೆ ಹಿಡಿದು ನಕ್ಕಿದ್ದನಂತೆ. “ನಮ್ಮಾಕಿ ಶುದ್ಧ ಮೈಗಳ್ಳಿ ಇದ್ದಾಳ್ರಿ. ಆಕಿ ಏಳೂ ಮಟ ಕಾದ್ರ ನೀವು ಉಪಾಸ ಸಾಯ್ತೀರಿ!”

ಯೋಹಾನಪ್ಪ ನಗಲಿಲ್ಲ. ಮುಂದೆ ಹಳ್ಳದ ಈಚೆ ಸ್ವಂತ ಮನೆ ಆದ ಮೇಲೂ ಆ ಮನೆಯಲ್ಲಿ ಅದೇ ಪದ್ಧತಿ ನಡೆದುಬಂತು. ದೇವಮಣಿ ಸೊಸೆಯಾಗಿ ಬಂದ ಮರುದಿನವೇ ಅತ್ತೆ ಕೈಹಿಡಿದು ಅಂಗಳಕ್ಕೆ ಕರೆತಂದು ತೋರಿಸಿದ್ದಳು. ಕಡ್ಡಿ ಗೀರುವ ಮುನ್ನ ಹಳ್ಳದಾಚೆ ನೋಡಬೇಕು. ಇಮಾಮಸಾಬನ ಮನೆಯ ಮೇಲೆ ಹೊಗೆ ಎದ್ದಿದ್ದರೆ ಸರಿ. ಏಳದಿದ್ದರೆ ಹಿಟ್ಟು ಹಿಡಿದು ಆಚೆ ಹೋಗಬೇಕು. ಜ್ವರವೋ, ಜಗಳವೋ, ಹಿಟ್ಟೇ ಇಲ್ಲವೋ ಕೇಳಬೇಕು. ಅಲ್ಲೇ ಒಲೆ ಹೂಡಿ ನಾಲ್ಕು ರೊಟ್ಟಿ ಬಡಿದು ಬಂದ ಮೇಲೆಯೇ ನಮ್ಮ ಒಲೆ.

ಹಿರಿಯರೆಲ್ಲ ಒಬ್ಬೊಬ್ಬರಾಗಿ ಮಣ್ಣು ಸೇರಿದರು. ಆಚೆ ಉಳಿದವಳು ಇಮಾಮಸಾಬನ ಹಿರಿಮಗಳು ಹಮೀದಾಬೇಗಂ ಒಬ್ಬಳೇ. ಈಚೆಯವರ ಬಾಯಲ್ಲಿ ಅವಳು ಆಪಾ, ಅಂದರೆ ಅಕ್ಕ. ಗಂಡ ತೀರಿಕೊಂಡಿದ್ದ, ಮಕ್ಕಳಾಗಿರಲಿಲ್ಲ, ಸಕ್ಕರೆ ಕಾಯಿಲೆ ಬೇರೆ. ಈಚೆ ದೇವಮಣಿ, ಗಂಡ ಪ್ರಭುದಾಸ, ಶಾಲೆಗೆ ಹೋಗುವ ಎರಡು ಮಕ್ಕಳು.

ಪ್ರಭುದಾಸ ಅಫಜಲಪುರದ ಒಂದು ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಒಳ್ಳೆಯ ಮನುಷ್ಯ. ಹಮೀದಾಬೇಗಂಗೆ ರೇಷನ್ ಕಾರ್ಡು, ವಿಧವಾ ಪಿಂಚಣಿ, ಗ್ಯಾಸು ಎಲ್ಲ ಓಡಾಡಿ ಮಾಡಿಸಿಕೊಟ್ಟವನು ಅವನೇ. ಗ್ಯಾಸು ಬಂದ ದಿನ ಮೂವರೂ ಕೂತು ಅದರ ಮೇಲೆ ಮಾಡಿದ ಚಹಾ ಕುಡಿದರು.

ಮರುದಿನ ಬೆಳಗ್ಗೆ ದೇವಮಣಿ ಅಂಗಳಕ್ಕೆ ಬಂದು ನೋಡಿದರೆ ಹಳ್ಳದಾಚೆ ಹೊಗೆಯಿಲ್ಲ. ಹಿಟ್ಟು ತರಲು ಒಳಗೆ ಓಡಿದಳು. ಆಮೇಲೆ ಗ್ಯಾಸು ನೆನಪಾಗಿ ನಕ್ಕಳು. ಆದರೆ ಇನ್ನು ಮುಂದೆ ಆ ಮನೆ ಬರೀ ಮನೆ. ಒಳಗೇನಿದೆ ಎಂದು ಅದು ಹೇಳುವುದಿಲ್ಲ. ಹಾಗಾಗಿ ದಿನಾ ಬೆಳಗ್ಗೆ ತಾನೇ ಒಂದು ಬಿಸಿ ರೊಟ್ಟಿ ಅರಿವೆಯಲ್ಲಿ ಸುತ್ತಿಕೊಂಡು ಹಳ್ಳ ದಾಟತೊಡಗಿದಳು. ಬಂದು ಮಕ್ಕಳ ಡಬ್ಬಿ ಕಟ್ಟಬೇಕು, ನೀರು ತುಂಬಬೇಕು, ಸಂಜೆವರೆಗೆ ಹೊಲಿಗೆ ಮಷೀನಿನ ಮುಂದೆ ಕೂರಬೇಕು. ಸೊಂಟ ಅನ್ನುವುದು ಕಡೆದಿಟ್ಟ ಕಲ್ಲಾಗುತ್ತಿತ್ತು.

“ಯಾಕ ಹಿಂಗ ಸಾಯಾಕತ್ತೀ?” ಎಂದ ಪ್ರಭುದಾಸ ಒಂದು ದಿನ. “ನೀ ಒಯ್ಯೂದು ಒಂದು ರೊಟ್ಟಿ. ಸರ್ಕಾರ ಲಕ್ಷಗಟ್ಟಲೆ ಮಂದೀಗೆ ಉಣಸಾಕತ್ತೇದ. ನಿನಗ ಜ್ವರ ಬಂದ್ರ ಆಪಾ ಉಪಾಸ. ಸರ್ಕಾರಕ್ಕ ಜ್ವರ ಬರಾಂಗಿಲ್ಲ.”

“ಸರ್ಕಾರಕ್ಕ ಕಣ್ಣೂ ಇಲ್ಲರಿ. ಆಪಾನ ಹೆಬ್ಬಟ್ಟು ಗುರ್ತ ಹಿಡೀತದ, ಮಾರಿ ಗುರ್ತ ಹಿಡ್ಯಾಂಗಿಲ್ಲ. ಸಕ್ಕರಿ ಬ್ಯಾನಿ ಇದ್ದಾಕಿಗೆ ಮೂಟಿಗಟ್ಟಲೆ ಅಕ್ಕಿ ಕೊಡ್ತದ. ಉಂಡಿಯೇನವಾ ಅಂತ ಕೇಳ್ತದೇನು?”

“ಅದಕ್ಕೊಂದು ಅರ್ಜಿ ಹಾಕೋಣ ತಗೋ.”

“ಹಾಕ್ರಿ, ಬ್ಯಾಡನ್ನಾಂಗಿಲ್ಲ. ಆದ್ರ ನಾಳಿ ದೇವ್ರು ‘ನೀ ಏನ ಕೊಟ್ಟಿ ದೇವಮಣಿ’ ಅಂತ ನನ್ನ ಕೇಳಿದ್ರ, ‘ನಮ್ಮ ಮನ್ಯಾವ್ರು ಅರ್ಜಿ ಹಾಕ್ಯಾರ’ ಅಂತ ಹೇಳ್ಲೇನು?”

“ಸೀಲ್ ಹೊಡದು ಕೊಡ್ತೇನಿ, ಒಯ್ಯಿ,” ಎಂದು ಅವನು ನಕ್ಕ. ಅವಳೂ ನಕ್ಕಳು. ಗೆದ್ದವರು ಯಾರೂ ಇಲ್ಲ.

ಆ ವರ್ಷ ಮಳೆ ಬಿಡದೆ ಹಿಡಿಯಿತು. ತೊಗರಿ ಹೊಲಗಳಲ್ಲಿ ನೀರು ನಿಂತು, ಎರೆಮಣ್ಣು ಕಾಲು ಹಿಡಿದರೆ ಬಿಡದಾಯಿತು. ಮೊಣಕಾಲಮಟ ಕೆಸರು ಮಾಡಿಕೊಂಡು ಬಂದ ದೇವಮಣಿಯನ್ನು ಹಮೀದಾಬೇಗಂ ಹೊಸ್ತಿಲಲ್ಲೇ ನಿಲ್ಲಿಸಿದಳು.

“ನಾಳಿಂದ ಬರಬ್ಯಾಡ ಬೇಟಿ.”

“ಯಾಕ ಆಪಾ? ರೊಟ್ಟಿ ಸುಟ್ಟಿದ್ವೇನು?”

“ರೊಟ್ಟಿ ಛಲೋ ಇರ್ತಾವ. ಆದ್ರ ನಿನ್ನ ರೊಟ್ಟಿ ತಿನ್ನಬೇಕಂದ್ರ ದಿನಾ ನಿನ್ನ ಮಾರಿ ನೋಡಬೇಕು. ಇವತ್ತ ದಣದಾಳೋ, ಗಂಡನ ಮ್ಯಾಲಿನ ಸಿಟ್ಟು ಹೊತ್ತು ಬಂದಾಳೋ ಅಂತ. ನಿನ್ನೆ ನೀ ಗಂಟು ಇಟ್ಟಿ ನೋಡು, ಇಡಲಿಲ್ಲ ನೀ, ಒಗದಿ. ಸರ್ಕಾರದ ಅಕ್ಕಿ ಯಾರ ಮಾರೀನೂ ನೋಡ್ಸಾಂಗಿಲ್ಲ. ಅದು ನನ್ನ ಹಕ್ಕು.”

ದೇವಮಣಿಗೆ ಕಪಾಳಕ್ಕೆ ಹೊಡೆದಂತಾಯಿತು. ಒಗೆದದ್ದು ನಿಜ. ಕೊಡುವ ಕೈ ದಣಿದಿದ್ದರೂ ಮಾರಿ ದಣಿಯಬಾರದು ಎನ್ನುವುದನ್ನು ಅತ್ತೆ ಹೇಳಿಕೊಟ್ಟಿರಲಿಲ್ಲ. ತಪ್ಪಾಯಿತು ಎಂದು ಕಾಲು ಹಿಡಿದು ಒಳಗೆ ನುಗ್ಗಬೇಕಿತ್ತು. ಹಾಗೆ ಮಾಡಲಿಲ್ಲ. “ಆಯ್ತು ಆಪಾ” ಎಂದು ರೊಟ್ಟಿಯ ಗಂಟು ಸಮೇತ ತಿರುಗಿ ಬಂದಳು.

ನೊಂದದ್ದು ಖರೆ. ಆದರೆ ಮರುದಿನ ಬೆಳಗ್ಗೆ ಕೌದಿಯೊಳಗೆ ಇನ್ನೊಂದು ಗಳಿಗೆ ಮಲಗಿದಾಗ ಮೈ ಹಗುರಾದದ್ದೂ ಖರೆಯೇ. ಸರ್ಕಾರ ಹಮೀದಾಬೇಗಂಗೆ ಅಕ್ಕಿ ಕೊಟ್ಟಿತ್ತು, ದೇವಮಣಿಗೆ ಬಿಡುವು ಕೊಟ್ಟಿತ್ತು. ಅಕ್ಕಿಗಿಂತ ಆ ಬಿಡುವೇ ರುಚಿಯಾಗಿತ್ತು.

ಕಾಲುದಾರಿಯ ಮೇಲೆ ಹುಲ್ಲು ಬೆಳೆಯಿತು. ವಾರಕ್ಕೊಮ್ಮೆ ಸಂತೆಯಲ್ಲಿ ಹಮೀದಾಬೇಗಂ ದೂರದಿಂದ ಕೈಯೆತ್ತುತ್ತಿದ್ದಳು, ಇವಳೂ ಎತ್ತುತ್ತಿದ್ದಳು. ಆಮೇಲೆ ಒಂದು ಸಂತೆಗೆ ಅವಳು ಬರಲಿಲ್ಲ.

ಮಳೆ ನಿಂತ ಮಧ್ಯಾಹ್ನ ಅರಿವೆ ಒಣಹಾಕಲು ಬಂದ ದೇವಮಣಿ ಹಳ್ಳದಾಚೆ ನೋಡಿದಳು. ಹಮೀದಾಬೇಗಂಳ ಪಡಸಾಲೆಯ ಬಲ್ಬು ಉರಿಯುತ್ತಿತ್ತು. ಆ ರಣಬಿಸಿಲಲ್ಲಿ, ಹಳದಿ ಕಣ್ಣು ಬಿಟ್ಟಂತೆ. ಮರುದಿನವೂ ಅದು ಹಾಗೇ ಉರಿಯಿತು.

“ರೀ, ಹಗಲೊತ್ತಿನಾಗ ಆಪಾ ಬಲ್ಬು ಹಚ್ಚ್ಯಾಳ.”

“ಕರೆಂಟ್ ಪುಕ್ಕಟ ಮಾಡ್ಯಾರಲ್ಲ, ಇನ್ಯಾಕ ಆರಸ್ತಾಳ?” ಎಂದ ಪ್ರಭುದಾಸ, ಶೂ ಹಾಕಿಕೊಳ್ಳುತ್ತ.

ಹೌದಲ್ಲ ಅನ್ನಿಸಿತು. ಇಮಾಮಸಾಬ ಒಂದು ಕಡ್ಡಿಯಲ್ಲಿ ಚಿಮಣಿ, ಬೀಡಿ ಎರಡೂ ಹಚ್ಚುವವನು, ಅವನ ಮಗಳು ಬಲ್ಬು ಆರಿಸದೆ ಮಲಗಿಯಾಳೇ? ಅದೂ ಅನ್ನಿಸಿತು. ಮಷೀನಿನ ಮೇಲೆ ಅರ್ಧ ಹೊಲಿದ ಜಂಪರು ಕಾಯುತ್ತಿತ್ತು. ಹೋಗಲಿಲ್ಲ. “ಬರಬ್ಯಾಡ ಅಂದಾಕಿ ಆಕಿನ” ಎಂದು ಮನಸ್ಸಿಗೆ ಸಮಾಧಾನ ಹೇಳಿದಳು. ಆ ದಿನ ಎರಡು ಸಲ ಸೂಜಿ ಮುರಿಯಿತು.

ಇನ್ನೂ ಒಂದು ಹಗಲು ಹೋಯಿತು. ಮುಂಜಾನೆ ರೊಟ್ಟಿ ಬಡಿಯುತ್ತಿದ್ದಾಗ ಪಿಂಚಣಿ ಹಂಚುವ ಪೋಸ್ಟಿನ ವಾಮನ ಅಂಗಳದಲ್ಲಿ ಸೈಕಲ್ಲು ನಿಲ್ಲಿಸಿ ನೀರು ಕೇಳಿದ.

“ಹಳ್ಳದಾಚಿ ಬೂಬು ಊರಾಗಿಲ್ಲೇನು ತಂಗಿ? ಎರಡ ಸಲ ಬಂದೆ, ಕದಾ ಹಾಕೇದ. ಮಟಕಿ ಊರಿಗೆ, ತಂಗೀ ಮನಿಗೆ ಹೋಗ್ಯಾಳ ಅಂತ ಕಾಣ್ತದ. ಇರಲಿ, ಬರೂ ತಿಂಗಳ ಎರಡೂ ಕೂಡಿ ಕೊಡ್ತೇನಿ.”

“ಹೊರಗ ಕೀಲಿ ಹಾಕಿತ್ತೇನ್ರಿ ಅಣ್ಣಾ?”

ವಾಮನ ತಂಬಿಗೆ ಬಾಯಿಂದ ತೆಗೆದ. “ಕೀಲಿ… ನೋಡಲಿಲ್ಲವಾ ನಾ.”

ದೇವಮಣಿ ಹಿಟ್ಟಿನ ಕೈಯಲ್ಲೇ ಮಟಕಿಗೆ ಫೋನು ಹಚ್ಚಿದಳು. ಹಮೀದಾಬೇಗಂಳ ತಂಗಿ ಸಾಯಿರಾ ಆ ಕಡೆಯಿಂದ, “ಇಲ್ಲಲ್ಲ ಬೇ, ಇಲ್ಲಿಗ್ಯಾಕ ಬರ್ತಾಳ? ನಾನೂ ಫೋನ ಹಚ್ಚಾಕತ್ತೇನಿ, ಎತ್ತವಲ್ಲಳು. ನೀ ದಿನಾ ಹೋಗ್ತಿದ್ದೆಲ್ಲ?” ಎಂದಳು.

ದೇವಮಣಿ ಫೋನು ಕೆಳಗಿಟ್ಟಳು. “ರೀ, ಬರ್ರಿ!” ಎಂದು ಒಂದೇ ಕೂಗು ಹಾಕಿ ಓಡಿದಳು. ಪ್ರಭುದಾಸ ಹಿಂದೆ, ವಾಮನ ಅವನ ಹಿಂದೆ. ಹುಲ್ಲು ಮುಚ್ಚಿದ್ದ ದಾರಿಯಲ್ಲಿ ಕಾಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಬಲ್ಬು ಉರಿಯುತ್ತಲೇ ಇತ್ತು. ಹೊರಗೆ ಕೀಲಿ ಇರಲಿಲ್ಲ. ಕದಕ್ಕೆ ಒಳಚಿಲಕ. ಸಂದಿಗೆ ಮುಖ ಹಚ್ಚಿದ ವಾಮನ ಸರಕ್ಕನೆ ಹಿಂದೆ ಸರಿದು ಟವೆಲ್ಲಿನಿಂದ ಮೂಗು ಮುಚ್ಚಿಕೊಂಡ.

ಪ್ರಭುದಾಸ ಭುಜ ಕೊಟ್ಟು ಕದ ಮುರಿದ. ಅಡುಗೆ ಕಟ್ಟೆಗೂ ನೀರಿನ ಕೊಡಕ್ಕೂ ನಡುವೆ ಹಮೀದಾಬೇಗಂ ಬಿದ್ದಿದ್ದಳು. ಒಂದು ಕೈ ಕೊಡದ ಕಡೆಗೆ ಚಾಚಿತ್ತು. ಕಾಲು ಜಾರಿ ಬಿದ್ದವಳು ಏಳಲಾಗದೆ ತೆವಳಿದ ಗುರುತು ನೆಲದ ಮೇಲಿತ್ತು. ಗೋಡೆಗೆ ಒರಗಿ ಅಕ್ಕಿಯ ಚೀಲಗಳು ನಿಂತಿದ್ದವು, ಬಾಯಿಗೆ ಕಟ್ಟಿದ ದಾರ ಕೂಡ ಬಿಚ್ಚದವು.

ಪ್ರಭುದಾಸ, “ತೀರಿದ್ದು ಬರಸ್ಬೇಕು. ಇಲ್ಲಾಂದ್ರ ರೊಕ್ಕ ಬರಕೋತನ ಇರ್ತದ…” ಎಂದವನು ತನ್ನ ಮಾತಿಗೆ ತಾನೇ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ದೇವಮಣಿ ಅವನನ್ನು ಬೈಯಲಿಲ್ಲ. ಅಕ್ಕಿ ಕೊಟ್ಟ ಸರ್ಕಾರವನ್ನೂ ಬೈಯಲಿಲ್ಲ. ಅಕ್ಕಿ ಹೇಳಿದಂತೆ ಬಂದಿತ್ತು, ಒಂದು ತಿಂಗಳೂ ತಪ್ಪಿರಲಿಲ್ಲ. ತಪ್ಪಿದವಳು ಹಿಟ್ಟಿನ ಕೈಯಲ್ಲಿ ಅಲ್ಲಿ ನಿಂತಿದ್ದಳು.

ಸುದ್ದಿ ತಿಳಿದು ಬಂದ ಹೆಂಗಸರಲ್ಲಿ ಹಿರಿಯಳಾದ ಕರೀಮುನ್ನಿಸಾ ಬಾಗಿ ನೋಡಿ, “ನಾಕೈದ ದಿನ ಆಗ್ಯಾವ” ಎಂದಳು.

ಹಮೀದಾಬೇಗಂಳ ಮನೆಯಲ್ಲಿ ನಾಲ್ಕೈದು ದಿನದಿಂದ ಒಲೆ ಹತ್ತಿರಲಿಲ್ಲ. ಆ ಅಷ್ಟೂ ದಿನ ದೇವಮಣಿಯ ಮನೆಯಲ್ಲಿ ಒಲೆ ಹತ್ತಿತ್ತು. ಯೋಹಾನಪ್ಪ ಕೊಟ್ಟ ಮಾತು ಮುರಿದಿತ್ತು.